ಕ್ರೂಸ್ ಕಂಟ್ರೋಲ್ ಕೆಟ್ಟರೆ ಮೊದಲು ಬ್ರೇಕ್ ನೋಡಿ

ಕಳೆದ ದೀಪಾವಳಿಗೆ ಹುಬ್ಬಳ್ಳಿಗೆ ಹೊರಟಿದ್ದೆ. ತುಮಕೂರು ದಾಟಿ ರಸ್ತೆ ಖಾಲಿಯಾದ ಮೇಲೆ ಕ್ರೂಸ್ ಕಂಟ್ರೋಲ್ ಬಟನ್ ಒತ್ತಿದೆ. ಹಿಡೀಲಿಲ್ಲ. ಮತ್ತೆ ಒತ್ತಿದೆ, ಊಹೂಂ. ಸಾಫ್ಟ್‌ವೇರ್ ಸಮಸ್ಯೆ ಇರಬೇಕು ಅಂದ್ಕೊಂಡೆ (ನಮ್ಮ ಕಸುಬಿನವರಿಗೆ ಎಲ್ಲವೂ ಸಾಫ್ಟ್‌ವೇರ್ ಸಮಸ್ಯೆಯೇ). ಶಿರಾದಲ್ಲಿ ಕಾಫಿಗೆ ನಿಂತಾಗ, ಹಿಂದೆಯೇ ತಮ್ಮ ಕಾರಲ್ಲಿ ಬರ್ತಿದ್ದ ಭಾವ ಇಳಿದವರೇ ಬೈದರು: "ಏನಪ್ಪಾ, ಅಲ್ಲಿಂದ ಇಲ್ಲೀತನಕ ಬ್ರೇಕ್ ಮೇಲೇ ಕಾಲಿಟ್ಕೊಂಡು ಬಂದ್ಯಲ್ಲ! ನೀನು ನಿಜವಾಗಿ ಯಾವಾಗ ಬ್ರೇಕ್ ಹಾಕ್ತೀಯ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ನಾನು ಬ್ರೇಕ್ ಮುಟ್ಟಿರಲೇ ಇಲ್ಲ.

ಪಕ್ಕದ ಗ್ಯಾರೇಜಿನ ಹುಡುಗ ಕ್ರೂಸ್ ಬಟನ್ ಕಡೆ ತಿರುಗಿಯೂ ನೋಡಲಿಲ್ಲ. ಪೆಡಲ್ ಹತ್ತಿರ ತಲೆ ತೂರಿಸಿ ಬ್ರೇಕ್ ಲೈಟ್ ಸ್ವಿಚ್ ಕಳಚಿ ಕೈಗಿತ್ತ. "ಒಳಗಡೆ ಅಂಟ್ಕೊಂಡ್ಬಿಟ್ಟಿದೆ ಸರ್. ಗಾಡಿ ಲೆಕ್ಕದಲ್ಲಿ ನೀವು ಬ್ರೇಕ್ ಹಾಕ್ಕೊಂಡೇ ಇದ್ದೀರ. ಕ್ರೂಸ್ ಹೆಂಗೆ ಹಿಡಿಯುತ್ತೆ?"

ಸರಿಯಾದ ಮಾತು. ಆ ಹುಡುಗ ರೋಗ ಹುಡುಕಿದ ಕ್ರಮದಲ್ಲೇ ಈ ಯಂತ್ರದ ಇತಿಹಾಸ ಇದೆ ಅಂತ ಆಮೇಲೆ ಓದುವಾಗ ನನಗೆ ಹೊಳೆಯಿತು.

ವೇಗವನ್ನು ಒಂದೇ ಸಮ ಹಿಡಿದಿಡೋದು ಹೊಸ ವಿದ್ಯೆಯೇನಲ್ಲ. 1788ರಲ್ಲೇ ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ತಿರುಗುವ ಎರಡು ಗುಂಡುಗಳ ಗವರ್ನರ್ ಕೂರಿಸಿದ್ದ. ವೇಗ ಹೆಚ್ಚಾದರೆ ಗುಂಡುಗಳು ಹೊರಕ್ಕೆ ಚಿಮ್ಮಿ ಉಗಿಯನ್ನು ಕಡಿಮೆ ಮಾಡುತ್ತಿದ್ದವು. ಅದಕ್ಕೂ ಒಂದು ರೋಗವಿತ್ತು: ಯಂತ್ರ ಏರುತ್ತಾ ಇಳಿಯುತ್ತಾ ತುಯ್ದಾಡುವುದು. ಯಾಕೆ ಹೀಗಾಗುತ್ತೆ ಅಂತ 1868ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಗಣಿತದಲ್ಲಿ ಬಿಡಿಸಿಟ್ಟ. ಕೆಟ್ಟ ಕ್ರೂಸ್ ಕಂಟ್ರೋಲ್ ಇರುವ ಹಳೇ ಕಾರು 80ರ ಆಚೀಚೆ ಜೋಲಿ ಹೊಡೆಯೋದು ಇದೇ ಕಾಯಿಲೆಯಿಂದ.

ಕಾರಿಗೆ ಇದನ್ನು ತಂದವರು ರಾಲ್ಫ್ ಟೀಟರ್. 1890ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಹೇಗರ್ಸ್‌ಟೌನಿನಲ್ಲಿ ಹುಟ್ಟಿದವರು. ಐದನೇ ವಯಸ್ಸಿಗೆ ಚಾಕುವಿನ ಅವಘಡದಲ್ಲಿ ದೃಷ್ಟಿ ಹೋಯಿತು. ಆದರೂ 1912ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಎಂಜಿನಿಯರ್ ಆಗಿ ಹೊರಬಂದರು. ಮೊದಲ ಮಹಾಯುದ್ಧದ ಹೊತ್ತಿಗೆ ಯುದ್ಧನೌಕೆಗಳ ಟರ್ಬೈನ್ ರೋಟರುಗಳನ್ನು ಸಮತೋಲನಕ್ಕೆ ತರುವ ಕೆಲಸ ಮಾಡಿದರು. ಕಣ್ಣಿದ್ದವರಿಗೆ ಸಿಗದ ಅದುರು ಅವರ ಬೆರಳಿಗೆ ಸಿಗುತ್ತಿತ್ತು. ಮುಂದೆ ಪಿಸ್ಟನ್ ರಿಂಗ್ ಕಂಪನಿಯೊಂದನ್ನು ನಡೆಸಿದರು. 1936ರಲ್ಲಿ ಅಮೆರಿಕದ ಆಟೋಮೊಬೈಲ್ ಎಂಜಿನಿಯರುಗಳ ಸಂಘಕ್ಕೆ ಅಧ್ಯಕ್ಷರಾದರು.

ಅವರ ಪೇಟೆಂಟ್ ವಕೀಲರು ಕಾರು ಓಡಿಸುತ್ತಾ ಮಾತಾಡಿದರೆ ವೇಗ ಇಳಿಯುತ್ತಿತ್ತಂತೆ, ಕೇಳಿಸಿಕೊಳ್ಳುವಾಗ ಏರುತ್ತಿತ್ತಂತೆ. ಪಕ್ಕದಲ್ಲಿ ಕೂತ ಟೀಟರ್‌ಗೆ ಆ ಜಗ್ಗಾಟ ತಡೆಯದೆ ಈ ಯಂತ್ರದ ಯೋಚನೆ ಬಂತು ಅನ್ನೋ ಕಥೆ ಪ್ರಸಿದ್ಧ. ಎರಡನೇ ಮಹಾಯುದ್ಧದಲ್ಲಿ ರಬ್ಬರು, ಪೆಟ್ರೋಲು ಉಳಿಸಲು ಅಮೆರಿಕದಲ್ಲಿ ಗಂಟೆಗೆ 35 ಮೈಲಿ, ಅಂದ್ರೆ ಸುಮಾರು 56 ಕಿಲೋಮೀಟರ್ ಮಿತಿ ಬಂದದ್ದೂ ಕಾರಣವಾಯಿತು. ಪೇಟೆಂಟ್ ಸಿಕ್ಕಿದ್ದು 1950ರಲ್ಲಿ. ಮಾರುಕಟ್ಟೆಗೆ ಬಂದದ್ದು 1958ರ ಕ್ರೈಸ್ಲರ್ ಇಂಪೀರಿಯಲ್ ಕಾರಿನಲ್ಲಿ, 'ಆಟೋ-ಪೈಲಟ್' ಎಂಬ ಹೆಸರಿನಲ್ಲಿ. ಆರಿಸಿದ ವೇಗ ಬಂದಾಗ ಆಕ್ಸಿಲರೇಟರ್ ಪೆಡಲ್ ಕಾಲನ್ನು ವಾಪಸ್ ತಳ್ಳುತ್ತಿತ್ತು. ಕಣ್ಣಿಗಲ್ಲ, ಪಾದಕ್ಕೆ ಸುದ್ದಿ! ಬೇಕಾದರೆ ಲಾಕ್ ಮಾಡಬಹುದಿತ್ತು, ಬ್ರೇಕ್ ಮುಟ್ಟಿದ ಕೂಡಲೇ ಬಿಟ್ಟುಬಿಡಬೇಕಿತ್ತು.

ಈ ಬಿಟ್ಟುಬಿಡೋದೇ ದೊಡ್ಡ ತಲೆನೋವು. ಆಮೇಲೆ ಬಂದ ನಿರ್ವಾತದ ಕ್ರೂಸ್‌ನಲ್ಲಿ ಎಂಜಿನ್ನಿನ ಎಳೆತವೇ ಒಂದು ರಬ್ಬರ್ ಪೊರೆಯನ್ನು ಎಳೆದು ಥ್ರಾಟಲ್ ಹಿಡಿಯುತ್ತಿತ್ತು. ಅದರಲ್ಲಿ ಮೆಕ್ಯಾನಿಕ್ ಹುಡುಕುತ್ತಿದ್ದದ್ದು ಸೀಳಿದ ಕೊಳವೆಯ 'ಸ್ಸ್' ಸದ್ದನ್ನು. ಅಂಥ ದೋಷದಿಂದ ಅಪಾಯ ಕಡಿಮೆ. ದಿಬ್ಬದಲ್ಲಿ ವೇಗ ಬೀಳುತ್ತೆ, ಅಷ್ಟೇ. ಹಿಡಿದದ್ದನ್ನು ಬಿಡದಿದ್ದರೆ ಮಾತ್ರ ಜೀವಕ್ಕೆ ಬಂತು. ಹಾಗಾಗಿ ಎಂಜಿನಿಯರುಗಳು ಬ್ರೇಕಿಗೆ ಒಂದರ ಮೇಲೊಂದು ಕಾವಲು ಹಾಕಿದರು. ಈಗಿನ ಅನೇಕ ಕಾರುಗಳ ಬ್ರೇಕ್ ಸ್ವಿಚ್ಚಲ್ಲಿ ಎರಡು ಸಂಪರ್ಕಗಳಿರುತ್ತವೆ, ಒಂದು ತೆರೆದಾಗ ಇನ್ನೊಂದು ಮುಚ್ಚುತ್ತೆ. ಎರಡರ ಸಾಕ್ಷಿ ತಾಳೆಯಾಗದಿದ್ದರೆ ಕಂಪ್ಯೂಟರ್ ಕ್ರೂಸ್ ಕೊಡೋದೇ ಇಲ್ಲ.

ಕಾವಲಿಗಿಟ್ಟವನೇ ಮನೆಗೆ ಬೆಂಕಿ ಇಟ್ಟದ್ದೂ ಉಂಟು. ಅಮೆರಿಕದಲ್ಲಿ ಫೋರ್ಡ್ ಕಂಪನಿ ತೊಂಬತ್ತರ ದಶಕದಲ್ಲಿ, ಪೆಡಲ್ ಸ್ವಿಚ್ ಕೈಕೊಟ್ಟರೆ ಇರಲಿ ಅಂತ ಬ್ರೇಕ್ ದ್ರವದ ಒತ್ತಡಕ್ಕೆ ಕ್ರೂಸ್ ಕಡಿಯುವ ಇನ್ನೊಂದು ಸ್ವಿಚ್ ಇಟ್ಟಿತು. ದ್ರವಕ್ಕೂ ವಿದ್ಯುತ್ತಿಗೂ ನಡುವೆ ತೆಳ್ಳಗಿನ ಪ್ಲಾಸ್ಟಿಕ್ ಪೊರೆ. ಪೊರೆ ಬಿರಿದು ದ್ರವ ಒಸರಿತು. ಕೀ ತೆಗೆದರೂ ಆ ಸ್ವಿಚ್ಚಿಗೆ ಬ್ಯಾಟರಿಯಿಂದ ಕರೆಂಟ್ ಹರಿಯುತ್ತಲೇ ಇತ್ತು. ಆಫ್ ಮಾಡಿ ನಿಲ್ಲಿಸಿದ್ದ ಕಾರುಗಳಿಗೆ ಬೆಂಕಿ ಹತ್ತಿತು, ಕೆಲವು ಮನೆಗಳಿಗೂ ತಗುಲಿತು. 1999ರಿಂದ 2009ರವರೆಗೆ ಕಂತು ಕಂತಾಗಿ ಸುಮಾರು 1.4 ಕೋಟಿ ವಾಹನಗಳನ್ನು ವಾಪಸ್ ಕರೆಸಬೇಕಾಯಿತು. ಕಡೆಗೆ ಹಾಕಿದ ಮದ್ದು ಫ್ಯೂಸ್ ಇರುವ ಒಂದು ತುಂಡು ವೈರು. ಮೊದಲ ಕಂತಿಗೂ ಕೊನೆಯ ಕಂತಿಗೂ ಹತ್ತು ವರ್ಷ ಯಾಕೆ ಬೇಕಾಯ್ತು ಅನ್ನೋದು ನನಗಂತೂ ಒಪ್ಪಿಗೆಯಾಗದ ಸಂಗತಿ.

ಶಿರಾದ ಹುಡುಗ ಹೊಸ ಸ್ವಿಚ್ ಕೂರಿಸಿ ಪೆಡಲ್ ಒತ್ತಲು ಹೇಳಿದ. ಭಾವ ಕಾರಿನ ಹಿಂದೆ ನಿಂತು ಕೂಗುತ್ತಿದ್ದರು: "ಹತ್ತಿತು... ಬಿಡು... ಆರಿತು. ಇನ್ನೊಂದ್ಸಲ ಒತ್ತು."