ಪಣಜಿಯ ಆದಿಲಶಾಹಿ ಅರಮನೆ

ಪಣಜಿ ಪಟ್ಟಣದಲ್ಲಿ ಮಾಂಡವಿ ನದಿಯ ದಂಡೆಗೆ ಮುಖಮಾಡಿ ಉದ್ದಕ್ಕೆ ಚಾಚಿಕೊಂಡಿರುವ ಎರಡಂತಸ್ತಿನ ಹೆಂಚಿನ ಕಟ್ಟಡವೊಂದುಂಟು. ಗೋವೆಗೆ ಹೋದ ಕನ್ನಡಿಗರು ಅದರ ಮುಂದೆಯೇ ಹಾದುಹೋಗುತ್ತಾರೆ. ಅದು ವಿಜಾಪುರದ ಅರಸರ ಅರಮನೆಯೆಂದು ಹೇಳಿದರೆ ಮಾತ್ರ ಬೆರಗಾಗುತ್ತಾರೆ. ಗೋಲಗುಮ್ಮಟವನ್ನು ಕಂಡ ಕಣ್ಣಿಗೆ ಇಲ್ಲಿ ಗುಮ್ಮಟವಿಲ್ಲ, ಮಿನಾರಿಲ್ಲ. ಇಳಿಜಾರು ಮಾಡು, ಅಗಲವಾದ ಮರದ ಜಗಲಿಗಳು, ಸಾಲಾಗಿ ಕಿಟಕಿಗಳು. ಹಾಗಾದರೆ ಆದಿಲಶಾಹಿ ಎಂಬ ಹೆಸರು ಇದಕ್ಕೆ ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದು ನಾವು ವಿಚಾರಿಸಬೇಕಾದ ವಿಷಯ.

ಗೋವೆಯನ್ನು ಕದಂಬರು ಆಳಿದ್ದು, ಆಮೇಲೆ ಅದು ವಿಜಯನಗರದ ವಶದಲ್ಲಿದ್ದುದು ವಾಚಕರಿಗೆ ತಿಳಿದದ್ದೇ ಆಗಿದೆ. 1472ರಲ್ಲಿ ಬಹಮನಿ ಮಂತ್ರಿ ಮಹಮೂದ ಗವಾನನು ಅದನ್ನು ಗೆದ್ದನು. ಬಹಮನಿ ರಾಜ್ಯ ಒಡೆದಾಗ ಗೋವೆಯು ವಿಜಾಪುರದ ಯೂಸುಫ ಆದಿಲಖಾನನ ಪಾಲಿಗೆ ಬಂದಿತು. ಪಟ್ಟಣವಿದ್ದುದು ನದಿಯ ಮೇಲ್ಗಡೆ, ಈಗ ಹಳೆಯ ಗೋವೆಯೆನ್ನುವ ಏಳಾ ಎಂಬಲ್ಲಿ. ಪಣಜಿಯ ಮನೆಯನ್ನು ಸುಮಾರು 1500ರಲ್ಲಿ ಕಟ್ಟಿಸಿದರು. ಇದನ್ನು ಬೇಸಗೆಯ ವಿಹಾರಗೃಹವೆಂದು ಬಣ್ಣಿಸುವ ರೂಢಿಯಿದೆ. ಆದರೆ ಸುತ್ತಲೂ ಉಪ್ಪುನೀರಿನ ಕಂದಕ, ಕಾವಲಿಗೆ 55 ತೋಪುಗಳು ಇದ್ದುವೆನ್ನುವಾಗ ಅದು ಬರಿಯ ವಿಹಾರಕ್ಕಾಗಿ ಕಟ್ಟಿದ ಮನೆಯಲ್ಲವೆಂಬುದು ಸ್ಪಷ್ಟ. ಸಮುದ್ರದಿಂದ ಏಳಾಕ್ಕೆ ಹೋಗುವ ಹಡಗುಗಳು ಇದರ ಎದುರಿಗೇ ಹಾದುಹೋಗಬೇಕು. ಆ ಹಡಗುಗಳಲ್ಲಿ ಬರುತ್ತಿದ್ದುದು ಅರಬಸ್ತಾನದ ಕುದುರೆಗಳು. ದಖ್ಖನಿನ ದಂಡುಗಳೆಲ್ಲ ಆ ಕುದುರೆಗಳನ್ನೇ ನಂಬಿದ್ದುವು. ನದಿಯ ಬಾಯನ್ನು ಕಾದವನಿಗೆ ಕುದುರೆಯೂ ಸುಂಕವೂ ಕೈಸೇರುತ್ತಿದ್ದುವು. ನಮ್ಮ ಅಭಿಪ್ರಾಯದಲ್ಲಿ ಇದು ಮೊದಲು ಕೋಟೆ, ಆಮೇಲೆ ಅರಮನೆ.

1510ರಲ್ಲಿ ನಡೆದದ್ದೂ ಇದನ್ನೇ ತೋರಿಸುತ್ತದೆ. ಆ ವರ್ಷದ ಆರಂಭದಲ್ಲಿ ಅಲ್ಬುಕರ್ಕನ ಹಡಗುಗಳು ಮಾಂಡವಿಗೆ ಬಂದಾಗ ಅವನ ಸೋದರಳಿಯ ಅಂತೋನಿಯೊ ದ ನೊರೊನ್ಯನು ಮೊದಲು ಹಿಡಿದದ್ದು ಪಣಜಿಯ ಈ ಕೋಟೆಯನ್ನು. ಅವರಿಗೆ ಗೋವೆಯ ದಾರಿ ತೋರಿದವನು ಹೊನ್ನಾವರದ ತಿಮ್ಮಯ್ಯನೆಂಬುದನ್ನು ನಾವು ಮರೆಯುವಂತಿಲ್ಲ. ಮೇ ತಿಂಗಳಲ್ಲಿ ಯೂಸುಫನು ದೊಡ್ಡ ದಂಡಿನೊಡನೆ ಬಂದು ಪಟ್ಟಣವನ್ನು ಮರಳಿ ಪಡೆದನು. ಮಳೆಗಾಲ ಹಿಡಿದುದರಿಂದ ಪೋರ್ತುಗೀಜರು ಸಮುದ್ರಕ್ಕೂ ಹೋಗಲಾರದೆ, ದಡಕ್ಕೂ ಇಳಿಯಲಾರದೆ ನದಿಯಲ್ಲೇ ಸಿಕ್ಕಿಬಿದ್ದರು. ಪಣಜಿಯ ತೋಪುಗಳು ಅವರನ್ನು ಕಾಡಿದುವು. ಹಸಿವೂ ಕಾಡಿತು. ಅದೇ ವರ್ಷ ಯೂಸುಫನು ತೀರಿಕೊಂಡನು. ಬಾಲಕ ಇಸ್ಮಾಯಿಲನು ಪಟ್ಟಕ್ಕೆ ಬಂದನು. ನವೆಂಬರ 25ರಂದು ಗೋವೆ ಮತ್ತೆ ಕೈತಪ್ಪಿತು.

ಮುಂದಿನ ಕಥೆಯನ್ನು ಬೇಗ ಹೇಳಬಹುದು. ಹೊಸದಾಗಿ ಬಂದ ವೈಸರಾಯರು ಪಟ್ಟಣ ಪ್ರವೇಶಕ್ಕೆ ಮುನ್ನ ಇಲ್ಲಿ ತಂಗುತ್ತಿದ್ದರು. 1615ರಲ್ಲಿ ಕಟ್ಟಡವನ್ನು ಮತ್ತೆ ಕಟ್ಟಿಸಿದರು. ಹಳೆಯ ಗೋವೆಯನ್ನು ರೋಗರುಜಿನಗಳು ಬರಿದು ಮಾಡಿದ್ದುವು. 1759ರಲ್ಲಿ ವೈಸರಾಯರು ಇದನ್ನೇ ನಿವಾಸ ಮಾಡಿಕೊಂಡರು. 1843ರಲ್ಲಿ ಪಣಜಿಯೇ ರಾಜಧಾನಿಯಾಯಿತು. 1918ರಲ್ಲಿ ಗವರ್ನರರ ವಾಸ ಕಾಬೊ ಭೂಶಿರಕ್ಕೆ ಹೋಗಿ ಇಲ್ಲಿ ಕಚೇರಿಗಳು ಉಳಿದುವು. 1961ರ ವಿಮೋಚನೆಯ ನಂತರ ಇದು ಸಚಿವಾಲಯವಾಗಿ, ವಿಧಾನಸಭೆಯೂ ಇಲ್ಲೇ ಸೇರುತ್ತಿತ್ತು. 2000ದಲ್ಲಿ ಸಭೆ ನದಿಯಾಚೆಯ ಪರ್ವರಿಗೆ ಹೋಯಿತು.

ಇಷ್ಟೆಲ್ಲ ಕೈಗಳು ಮುಟ್ಟಿದ ಮೇಲೆ ಈಗ ಕಣ್ಣಿಗೆ ಕಾಣುವ ರೂಪವು ಬಹುಮಟ್ಟಿಗೆ ಪೋರ್ತುಗೀಜರ ಕಾಲದ್ದೆಂದು ಒಪ್ಪಬೇಕು. ಕಂದಕ ಮುಚ್ಚಿಹೋಗಿದೆ. ಬಾಗಿಲಮೇಲೆ ವೈಸರಾಯರ ಲಾಂಛನವಿದ್ದೆಡೆ ಈಗ ಅಶೋಕಚಕ್ರವಿದೆ. ವಿಜಾಪುರದ್ದೆಂದು ಖಚಿತವಾಗಿ ಹೇಳಬಹುದಾದುದು ನೆಲೆ ಮತ್ತು ಹೆಸರು, ಇವೆರಡೇ. ಆದರೆ ಹೆಸರಿನ ಸಾಕ್ಷ್ಯವು ಅಲ್ಪವಲ್ಲ. ಪೋರ್ತುಗೀಜರು ಇದನ್ನು ‘ಇದಾಲ್ಕಾಂವ್’ ಅರಮನೆಯೆಂದು ಕರೆದರು. ಇದು ‘ಆದಿಲಖಾನ’ ಎಂಬುದರ ಅಪಭ್ರಂಶ. ವಿಜಾಪುರದ ಅರಸರು ಮೊದಮೊದಲು ಖಾನರೆಂದೇ ಪ್ರಸಿದ್ಧರು. ಶಾಹ ಎಂಬುದು ಆಮೇಲೆ ರೂಢಿಗೆ ಬಂದದ್ದು. ನಾವು ಇಂದು ಆದಿಲಶಾಹಿ ಅರಮನೆಯೆಂದು ತಿದ್ದಿ ಹೇಳುತ್ತೇವೆ. ಪರಕೀಯರ ತೊದಲು ನುಡಿಯೇ ಯೂಸುಫನ ಕಾಲದ ಬಿರುದನ್ನು ಉಳಿಸಿಕೊಂಡಿದೆ.

ವಿದ್ಯಾರ್ಥಿಗಳನ್ನು ಕರೆದೊಯ್ಯುವ ಉಪಾಧ್ಯಾಯ ಮಿತ್ರರು ಕಟ್ಟಡವನ್ನು ದಾರಿಯಿಂದಷ್ಟೇ ತೋರಿಸಿ ಹಿಂದಿರುಗಬಾರದು. ಬೇತಿಗೆ ಹೋಗುವ ದೋಣಿಯಲ್ಲಿ ಕೂತು ನಡುನೀರಿನಿಂದ ಹಿಂದಿರುಗಿ ನೋಡಿಸಬೇಕು. ಏಳಾದ ಕಡೆಗೆ ಸಾಗುವ ಹಡಗೊಂದು ಆ ಕಿಟಕಿಗಳ ಕಣ್ಣು ತಪ್ಪಿಸಿ ಹೋಗುವುದು ಸಾಧ್ಯವಿತ್ತೇ ಎಂದು ಅಲ್ಲಿ ಅವರನ್ನೇ ಕೇಳಬಹುದು.