ಹಳೆಯ ಜೀಪು ಕೊಳ್ಳುವ ಮುನ್ನ: ಮೀಟರ್ ಬಿಡಿ, ಅಡಿಭಾಗ ನೋಡಿ

ಕೊಡಚಾದ್ರಿಯ ದಾರಿಯಲ್ಲೋ, ಕೊಡಗಿನ ಮಾಂದಲ್‌ಪಟ್ಟಿಯ ಏರಿನಲ್ಲೋ ಬಾಡಿಗೆ ಜೀಪಿನಲ್ಲಿ ಕುಳಿತು ಬಂದ ನಗರವಾಸಿಗೆ ತನಗೂ ಅಂಥದ್ದೊಂದು ವಾಹನವಿರಬೇಕೆಂಬ ಆಸೆ ಹುಟ್ಟುವುದು ಸಹಜ. ಹೊಸದರ ಬೆಲೆ ವಿಚಾರಿಸಿದ ನಂತರ ಆ ಆಸೆ ಹಳೆಯ ವಾಹನದತ್ತ ತಿರುಗುವುದೂ ಅಷ್ಟೇ ಸಹಜ. ಆದರೆ ಸಾಮಾನ್ಯ ಕಾರನ್ನು ಪರೀಕ್ಷಿಸುವ ಕ್ರಮದಲ್ಲೇ ಜೀಪನ್ನೂ ಪರೀಕ್ಷಿಸಿ ಹಣ ಕೊಟ್ಟವರು ಬಳಿಕ ಗ್ಯಾರೇಜಿನ ಬಾಗಿಲಲ್ಲಿ ದಿನ ಕಳೆಯಬೇಕಾಗುತ್ತದೆ.

ರಾಜ್ಯದಲ್ಲಿ ಕೈ ಬದಲಾಗುವ ಇಂಥ ವಾಹನಗಳಲ್ಲಿ ಮೂರು ಬಗೆಯವು ಹೆಚ್ಚು ಪರಿಚಿತ. ಮೊದಲನೆಯದು ಮಹೀಂದ್ರಾದ ಹಳೆಯ ಜೀಪುಗಳು. 1947ರಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಯಿಂದ ಆರಂಭಿಸಿದ ಈ ಸಂಸ್ಥೆಯ ಎಂಎಂ 540 ಮಾದರಿ ಮಲೆನಾಡಿನ ಕಾಫಿ, ಅಡಿಕೆ ತೋಟಗಳಲ್ಲಿ ಮನೆಮಾತಾಗಿತ್ತು. ಎರಡನೆಯದು 2010ರಲ್ಲಿ ಬಂದು 2020ರವರೆಗೆ ನಡೆದ ಮೊದಲ ತಲೆಮಾರಿನ ಥಾರ್. ಮೂರನೆಯದು 1985ರಲ್ಲಿ ಬಿಡುಗಡೆಯಾದ ಮಾರುತಿ ಜಿಪ್ಸಿ. ಮೂರೂ ಈಗ ತಯಾರಾಗುತ್ತಿಲ್ಲವಾದ್ದರಿಂದ ಮಾರುಕಟ್ಟೆಗೆ ಬರುವ ಬಹುಪಾಲು ವಾಹನಗಳು ಲಕ್ಷ ಕಿಲೋಮೀಟರ್ ದಾಟಿದವೇ ಆಗಿರುತ್ತವೆ.

ಮೀಟರ್ ತೋರಿಸುವ ಅಂಕಿಗೆ ಇಲ್ಲಿ ಬೆಲೆ ಕಡಿಮೆ. ಹಳೆಯ ಜೀಪುಗಳಲ್ಲಿ ಐದಂಕಿಯ ಮೀಟರ್ ಇದ್ದು, 99,999 ಆದ ಮೇಲೆ ಸೊನ್ನೆಗೆ ಮರಳುತ್ತದೆ. ಕೇಬಲ್ ತುಂಡಾಗಿ ವರ್ಷಗಟ್ಟಲೆ ನಿಂತ ಮೀಟರ್‌ಗಳೂ ಅಪರೂಪವಲ್ಲ. ಅಲ್ಲದೆ ಹೆದ್ದಾರಿಯಲ್ಲಿ ಎರಡು ಲಕ್ಷ ಕಿಲೋಮೀಟರ್ ಓಡಿದ ವಾಹನಕ್ಕಿಂತ, ತೋಟದ ಕೆಸರಿನಲ್ಲಿ ಲೋ ಗೇರ್‌ನಲ್ಲೇ ಐವತ್ತು ಸಾವಿರ ಓಡಿದ ವಾಹನ ಹೆಚ್ಚು ಸವೆದಿರುತ್ತದೆ. ಎಷ್ಟು ಓಡಿದೆ ಎನ್ನುವುದಕ್ಕಿಂತ ಎಲ್ಲಿ ಓಡಿದೆ, ಯಾರ ಕೈಯಲ್ಲಿ ಓಡಿದೆ ಎಂದು ಕೇಳುವುದು ಲೇಸು. ಎಂಜಿನ್ ಕೆಟ್ಟರೆ ಹಣ ಕೊಟ್ಟು ಸರಿಪಡಿಸಬಹುದು. ತುಕ್ಕು ತಿಂದ ಚಾಸಿಸ್ ಹಾಗೂ ಹೊಂದದ ದಾಖಲೆಗಳನ್ನು ಸರಿಪಡಿಸುವುದು ಬಹುತೇಕ ಅಸಾಧ್ಯ. ಆದ್ದರಿಂದ ಪರೀಕ್ಷೆ ಈ ಎರಡರಿಂದಲೇ ಆರಂಭವಾಗಬೇಕು.

ಚಾಸಿಸ್ ಮತ್ತು ತುಕ್ಕು

ಜೀಪಿನ ಬಾಡಿ ಚಾಸಿಸ್ ಮೇಲೆ ಕುಳಿತಿರುತ್ತದೆ. ಬಾಡಿಗೆ ಹೊಸ ಬಣ್ಣ ಬಳಿಸುವುದು ವಾರದ ಕೆಲಸ. ಚಾಸಿಸ್‌ನ ಪೆಟ್ಟಿಗೆಯಾಕಾರದ ಭಾಗಗಳ ಒಳಗೆ ಸೇರಿದ ಕೆಸರು ಮಾತ್ರ ಮಳೆಗಾಲ ಮುಗಿದರೂ ತೇವ ಹಿಡಿದುಕೊಂಡು ಒಳಗಿನಿಂದಲೇ ಲೋಹವನ್ನು ತಿನ್ನುತ್ತದೆ. ಕರಾವಳಿಯ ವಾಹನವಾದರೆ ಉಪ್ಪು ಗಾಳಿಯ ಹಾವಳಿ ಬೇರೆ.

ವಾಹನವನ್ನು ಪಿಟ್ ಅಥವಾ ಲಿಫ್ಟ್ ಇರುವ ಕಡೆಗೆ ಒಯ್ದು, ಟಾರ್ಚ್ ಹಾಗೂ ಸಣ್ಣ ಸುತ್ತಿಗೆ ಹಿಡಿದು ಕೆಳಗಿಳಿಯಬೇಕು. ಲೀಫ್ ಸ್ಪ್ರಿಂಗ್ ಚಾಸಿಸ್‌ಗೆ ಸೇರುವ ಬ್ರಾಕೆಟ್‌ಗಳು, ಹಿಂಬದಿಯ ಅಡ್ಡ ಪಟ್ಟಿ, ಬಾಡಿ ಕೂರುವ ಬೋಲ್ಟ್‌ಗಳ ಸುತ್ತಮುತ್ತ ಮೆಲ್ಲಗೆ ತಟ್ಟಿದಾಗ ಗಟ್ಟಿ ಲೋಹದ ಸದ್ದು ಬರಬೇಕು. ಮಂದವಾದ ಸದ್ದು ಬಂದರೆ, ಪದರ ಉದುರಿದರೆ ಅಲ್ಲಿಗೇ ನಿಲ್ಲಿಸಿ. ಮೇಲ್ಭಾಗವೆಲ್ಲ ಹಳೆಯದಿದ್ದು ಅಡಿಭಾಗಕ್ಕೆ ಮಾತ್ರ ಹೊಳೆಯುವ ಕಪ್ಪು ಬಣ್ಣ ಬಳಿದಿದ್ದರೆ ಮಾರುವವರು ಏನನ್ನೋ ಮುಚ್ಚಿದ್ದಾರೆಂದು ಅನುಮಾನಿಸುವುದರಲ್ಲಿ ತಪ್ಪಿಲ್ಲ. ವೆಲ್ಡಿಂಗ್ ಗುರುತುಗಳನ್ನೂ ಗಮನಿಸಿ. ಜಿಪ್ಸಿಯಲ್ಲಾದರೆ ಮ್ಯಾಟ್ ಎತ್ತಿ ನೆಲದ ತಗಡನ್ನು ನೋಡದೆ ಮಾತುಕತೆಗೆ ಕೂರಬಾರದು.

ಈ ವರದಿಗಾರನ ಸೋದರಮಾವ ಸಕಲೇಶಪುರದ ಕಡೆ ಕೊಂಡ ಜೀಪೊಂದರ ಬಣ್ಣ, ಸೀಟು, ಟಾಪ್ ಎಲ್ಲವೂ ಹೊಸದಾಗಿದ್ದವು. ಮೊದಲ ಮಳೆಗಾಲದಲ್ಲೇ ಹಿಂದಿನ ಸ್ಪ್ರಿಂಗ್ ಬ್ರಾಕೆಟ್ ಚಾಸಿಸ್ ಸಮೇತ ಕಿತ್ತು ಬಂತು. ಆ ವಾಹನ ಇಂದಿಗೂ ತೋಟದ ಶೆಡ್‌ನಲ್ಲಿದೆ. ಅದರ ಮೇಲೆ ಕೋಳಿಗಳು ಮಲಗುತ್ತವೆ.

ನಾಲ್ಕೂ ಚಕ್ರ ತಿರುಗುತ್ತವೆಯೇ?

ಫೋರ್ ವೀಲ್ ಡ್ರೈವ್ ಎಂದು ಮಾರಾಟವಾಗುವ ಎಲ್ಲ ಜೀಪುಗಳೂ ಹಾಗಿರುವುದಿಲ್ಲ. ಲಿವರ್ ಇದ್ದು ಮುಂದಿನ ಶಾಫ್ಟ್ ಬಿಚ್ಚಿಟ್ಟಿರುವ ವಾಹನಗಳುಂಟು. ಟೂ ವೀಲ್ ಡ್ರೈವ್ ಆಗಿ ಕಾರ್ಖಾನೆಯಿಂದ ಬಂದು ನಂತರ ಗ್ಯಾರೇಜಿನಲ್ಲಿ ಬದಲಾದವೂ ಉಂಟು. ಹೀಗಾಗಿ ಕಣ್ಣಾರೆ ನೋಡಿಯೇ ನಂಬಬೇಕು.

ಈ ಪರೀಕ್ಷೆಯನ್ನು ಡಾಂಬರು ರಸ್ತೆಯಲ್ಲಿ ಮಾಡಬಾರದು. ಇಂಥ ಜೀಪುಗಳಲ್ಲಿ ಮುಂದಿನ ಹಾಗೂ ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ಒಣ ಡಾಂಬರಿನ ಮೇಲೆ ನಾಲ್ಕು ಚಕ್ರಗಳನ್ನೂ ಜೋಡಿಸಿ ತಿರುವು ತೆಗೆದುಕೊಂಡರೆ ಗೇರ್‌ಗಳು ಬಿಗಿದುಕೊಂಡು ಒಳ್ಳೆಯ ವಾಹನವೂ ಹಾಳಾಗಬಹುದು. ಮಣ್ಣಿನ ಅಥವಾ ಜಲ್ಲಿಯ ಏರು ದಾರಿಯೇ ಇದಕ್ಕೆ ಸೂಕ್ತ ಜಾಗ. ಕೆಲವು ವಾಹನಗಳಲ್ಲಿ ಮುಂದಿನ ಚಕ್ರದ ಹಬ್‌ಗಳನ್ನು ಕೈಯಿಂದ ತಿರುಗಿಸಿ ಲಾಕ್ ಮಾಡಬೇಕಾಗುತ್ತದೆ. ಅವು ಸರಾಗವಾಗಿ ತಿರುಗುತ್ತವೆಯೇ ಎಂದು ಮೊದಲು ನೋಡಿ. ಬಳಿಕ ಫೋರ್ ಹೈ, ಫೋರ್ ಲೋ ಎರಡರಲ್ಲೂ ಓಡಿಸಿ. ಲೋ ರೇಂಜ್‌ನಲ್ಲಿ ಇಳಿಜಾರು ಇಳಿಯುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಲಿವರ್ ತಾನಾಗಿ ನ್ಯೂಟ್ರಲ್‌ಗೆ ಹಾರಿದರೆ ಟ್ರಾನ್ಸ್‌ಫರ್ ಕೇಸ್‌ನ ಗೇರ್‌ಗಳು ಸವೆದಿವೆ ಎಂದರ್ಥ. ಕಡಿದಾದ ಇಳುಕಲಿನಲ್ಲಿ ಇದು ಪ್ರಾಣಾಪಾಯದ ದೋಷ.

ಮೊದಲ ಗೇರ್‌ನಿಂದ ರಿವರ್ಸ್‌ಗೆ ಬದಲಿಸಿದಾಗ ಕೆಳಗಿನಿಂದ 'ಠಣ್' ಎಂದರೆ ಪ್ರೊಪೆಲ್ಲರ್ ಶಾಫ್ಟ್‌ನ ಜಾಯಿಂಟ್‌ಗಳನ್ನು ಬದಲಿಸಬೇಕು; ಅದು ದೊಡ್ಡ ಖರ್ಚಲ್ಲ. ವೇಗ ಹೆಚ್ಚಿಸಿದಾಗ ಅಥವಾ ಇಳಿಸಿದಾಗ ಆಕ್ಸಲ್ ಕಡೆಯಿಂದ ಗೋಳಿಡುವ ಸದ್ದು ಬಂದರೆ ಕ್ರೌನ್ ಪಿನಿಯನ್ ಸವೆದಿದ್ದು, ಖರ್ಚು ಹೆಚ್ಚು. ಡಿಫರೆನ್ಷಿಯಲ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಮೂರರ ಆಯಿಲನ್ನೂ ಸ್ವಲ್ಪ ತೆಗೆಸಿ ನೋಡುವುದು ಅತ್ಯವಶ್ಯ. ಹಾಲು ಬೆರೆತ ಕಾಫಿಯ ಬಣ್ಣವಿದ್ದರೆ ಹಳ್ಳ ದಾಟುವಾಗ ನೀರು ಒಳ ಸೇರಿದೆ. ಲೋಹದ ಚೂರುಗಳು ಸಿಕ್ಕರೆ ವಿವರಣೆಯೇ ಬೇಕಿಲ್ಲ. ಹಳೆಯ ಜೀಪುಗಳು ಐವತ್ತು ಅರವತ್ತು ಕಿಲೋಮೀಟರ್ ವೇಗದಲ್ಲಿ ಹೊಂಡಕ್ಕೆ ಬಿದ್ದಾಗ ಸ್ಟೀರಿಂಗ್ ಗಡಗಡ ನಡುಗುವುದುಂಟು. "ಜೀಪು ಅಂದ್ರೆ ಹಾಗೇ ಸಾರ್" ಎಂಬ ಸಮಾಧಾನದ ಮಾತನ್ನು ಒಪ್ಪಬೇಡಿ. ಅದು ಕಿಂಗ್ ಪಿನ್ ಬೇರಿಂಗ್ ಇಲ್ಲವೇ ಸ್ಟೀರಿಂಗ್ ಜಾಯಿಂಟ್‌ಗಳ ಸವೆತದ ಲಕ್ಷಣ.

ಎಂಜಿನ್

ವಾಹನ ನೋಡಲು ಬರುವ ಮುನ್ನ ಸ್ಟಾರ್ಟ್ ಮಾಡಬಾರದೆಂದು ಮೊದಲೇ ತಿಳಿಸಿ, ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ತಣ್ಣಗಿರುವಾಗ ಸ್ಟಾರ್ಟ್ ಆಗುವ ಬಗೆಯೇ ಡೀಸೆಲ್ ಎಂಜಿನ್ನಿನ ಆರೋಗ್ಯ ಹೇಳುತ್ತದೆ. ಐಡ್ಲಿಂಗ್‌ನಲ್ಲಿ ಆಯಿಲ್ ಹಾಕುವ ಮುಚ್ಚಳ ತೆರೆದಾಗ ರಭಸದಿಂದ ಹೊಗೆ ಎದ್ದರೆ ಪಿಸ್ಟನ್ ರಿಂಗ್‌ಗಳು ಸೋತಿವೆ. ನೀಲಿ ಹೊಗೆ ಆಯಿಲ್ ಉರಿಯುವುದರ ಗುರುತು. ಜಿಪ್ಸಿಯಲ್ಲಿ ಟೈಮಿಂಗ್ ಬೆಲ್ಟ್ ಇರುವುದರಿಂದ, ಬದಲಿಸಿದ ದಾಖಲೆ ಇಲ್ಲದಿದ್ದರೆ ಕೊಂಡ ದಿನವೇ ಬದಲಿಸಿ.

ದಾಖಲೆಗಳಲ್ಲಿ ಅಡಗಿರುವ ಅಪಾಯ

ಮಲೆನಾಡಿನ ಹಲವು ಜೀಪುಗಳು ಹುಟ್ಟಿದಾಗಿನ ಎಂಜಿನ್ ಹೊತ್ತಿಲ್ಲ. ಪೆಟ್ರೋಲ್ ಎಂಜಿನ್ ತೆಗೆದು ಬೇರೊಂದು ಡೀಸೆಲ್ ಎಂಜಿನ್ ಕೂರಿಸಿದ್ದರೂ ಆರ್‌ಸಿಯಲ್ಲಿ ಇಂಧನ ಪೆಟ್ರೋಲ್ ಎಂದೇ ಇರುವುದುಂಟು. ಅಂಥ ವಾಹನ ಅಪಘಾತಕ್ಕೀಡಾದರೆ ವಿಮೆ ಹಣ ಕೈಸೇರುವುದು ಅನುಮಾನ. ಚಾಸಿಸ್ ಹಾಗೂ ಎಂಜಿನ್ ನಂಬರ್‌ಗಳನ್ನು ಕಾಗದವಿಟ್ಟು ಪೆನ್ಸಿಲ್‌ನಿಂದ ಉಜ್ಜಿ ಅಚ್ಚು ತೆಗೆದು ಆರ್‌ಸಿಯೊಂದಿಗೆ ಅಕ್ಷರಕ್ಷರ ಹೋಲಿಸಬೇಕು. ಕೇಂದ್ರದ ಪರಿವಾಹನ್ ತಾಣದಲ್ಲಿ ನೋಂದಣಿ ಸಂಖ್ಯೆ ನೀಡಿ ನೋಂದಣಿಯ ಅವಧಿ, ವಿಮೆ, ಸಾಲದ ಉಲ್ಲೇಖ, ಬಾಕಿ ದಂಡಗಳನ್ನು ಪರಿಶೀಲಿಸಬಹುದು.

ದೊಡ್ಡ ಟೈರ್, ಎತ್ತರಿಸಿದ ಸಸ್ಪೆನ್ಷನ್, ಕಬ್ಬಿಣದ ಬಂಪರ್‌ಗಳನ್ನು ಮಾರುವವರು ಹೆಚ್ಚುವರಿ ಆಕರ್ಷಣೆ ಎಂಬಂತೆ ತೋರಿಸುತ್ತಾರೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ವಿವರಿಸುತ್ತಾ ಹೇಳಿದೆ. ನೋಂದಣಿ ನವೀಕರಣಕ್ಕೆ ಆರ್‌ಟಿಒ ಅಂಗಳದಲ್ಲಿ ನಿಂತಾಗ ಆ ಅಲಂಕಾರಗಳೇ ತೊಡಕಾಗುತ್ತವೆ.

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಬಳಿಕ ತಪಾಸಣೆಯಲ್ಲಿ ಉತ್ತೀರ್ಣವಾದರೆ ಐದು ವರ್ಷಗಳ ನವೀಕರಣ ದೊರೆಯುತ್ತದೆ. ಕಾರು, ಜೀಪುಗಳ ನವೀಕರಣ ಶುಲ್ಕವನ್ನು 2022ರ ಏಪ್ರಿಲ್‌ನಿಂದ 5,000 ರೂಪಾಯಿಗೆ ಏರಿಸಲಾಯಿತು. 20 ವರ್ಷ ದಾಟಿದವುಗಳಿಗೆ 2025ರಲ್ಲಿ ಅದು 10,000 ರೂಪಾಯಿಯಾಯಿತು. ರಾಜ್ಯದ ಹಸಿರು ತೆರಿಗೆ ಪ್ರತ್ಯೇಕ. ಆದ್ದರಿಂದ ಅವಧಿ ಮುಗಿದ ಅಥವಾ ಮುಗಿಯಲಿರುವ ಜೀಪಾದರೆ ನವೀಕರಣ ಮಾಡಿಸಿಕೊಡುವ ಹೊಣೆ ಮಾರುವವರದ್ದೇ ಎಂದು ಮೊದಲೇ ಮಾತಾಗಲಿ.

ಸೇನೆಯ ಹರಾಜಿನಲ್ಲಿ ಬಂದ ಜಿಪ್ಸಿಗಳು ನೋಡಲು ಗಟ್ಟಿಮುಟ್ಟು. ಆದರೆ ಹರಾಜಿನ ಕಾಗದವೇ ಆರ್‌ಸಿ ಅಲ್ಲ. "ನೋಂದಣಿ ನೀವೇ ಮಾಡಿಸಿಕೊಳ್ಳಿ" ಎನ್ನುವ ಮಧ್ಯವರ್ತಿಯಿಂದ ಕೊಳ್ಳದಿರುವುದೇ ಕ್ಷೇಮ. ಹೊರರಾಜ್ಯದ ವಾಹನ ಅಗ್ಗವೆನಿಸಿದರೆ ಅಲ್ಲಿನ ಆರ್‌ಟಿಒ ನೀಡುವ ನಿರಾಕ್ಷೇಪಣಾ ಪತ್ರ, ಇಲ್ಲಿ ಕಟ್ಟಬೇಕಾದ ಆಜೀವ ತೆರಿಗೆ ಎರಡನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಪ್ರವಾಸಿಗರನ್ನು ಹೊತ್ತ ಹಳದಿ ಫಲಕದ ಜೀಪಾದರೆ, ಅದು ಖಾಸಗಿಗೆ ಬದಲಾದ ನಂತರವೇ ಪೂರ್ತಿ ಹಣ ಕೊಡಿ.

ವ್ಯವಹಾರ ಮುಗಿದ ದಿನವೇ ಫಾರಂ 29 ಮತ್ತು 30ಕ್ಕೆ ಮಾರಿದವರ ಸಹಿ ಪಡೆಯಬೇಕು. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ಆರ್‌ಟಿಒಗೆ ತಿಳಿಸಬೇಕೆಂಬುದು ನಿಯಮ. ಹಳೆಯ ಸಾಲದ ಉಲ್ಲೇಖವಿದ್ದರೆ ಫಾರಂ 35 ಹಾಗೂ ಬ್ಯಾಂಕಿನ ಪತ್ರವೂ ಬೇಕು. ವಿಮೆಯನ್ನು ಹೊಸ ಹೆಸರಿಗೆ ವರ್ಗಾಯಿಸಿ, ಎಲ್ಲ ಆಯಿಲ್, ಫಿಲ್ಟರ್ ಹಾಗೂ ಬ್ರೇಕ್ ದ್ರವವನ್ನು ಬದಲಿಸಿದ ಮೇಲೆ ಘಾಟಿಯ ಕಡೆ ಹೊರಡಬಹುದು.