ನಲ್ಲಿ ದೂರ ಹೋದ ಕತೆ

ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾಯ್ತಾ ನಿಂತಾಗ ನಿಮ್ಮ ಕಾಲಡಿ ಇರೋದು ಒಂದು ಕೆರೆಯಂಗಳ. ಅದರ ಹೆಸರು ಧರ್ಮಾಂಬುಧಿ. ಹತ್ತೊಂಬತ್ತನೇ ಶತಮಾನದ ಬೆಂಗಳೂರು ಕುಡೀತಿದ್ದದ್ದು ಇಂಥ ಕೆರೆ, ಬಾವಿ, ಕಲ್ಯಾಣಿಗಳ ನೀರನ್ನೇ. ಊರು ಬೆಳೆಯಿತು, 1876-78ರ ಭೀಕರ ಕ್ಷಾಮವೂ ಬಂದು ಹೋಯಿತು. ಕೆರೆಗಳನ್ನಷ್ಟೇ ನಂಬಿ ಕೂರುವಂತಿರಲಿಲ್ಲ.

ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಹುಟ್ಟಿದ್ದು ಹೆಸರಘಟ್ಟ ಯೋಜನೆ. ನಂದಿಬೆಟ್ಟದ ಕಡೆಯಿಂದ ಇಳಿಯುವ ಅರ್ಕಾವತಿಯ ನೀರು ಇಟ್ಟಿಗೆ ಕಾಲುವೆಯಲ್ಲಿ ಸೋಲದೇವನಹಳ್ಳಿವರೆಗೆ ತಾನಾಗೇ ಹರಿಯುತ್ತಿತ್ತು. ಅಲ್ಲಿಂದ ಉಗಿಯಂತ್ರದ ಪಂಪು ಅದನ್ನು ಊರಿಗೆ ತಳ್ಳುತ್ತಿತ್ತು. 1896ರಲ್ಲಿ ನಲ್ಲಿ ಬಂತು. ನಲ್ಲಿ ಬಂದ ಮೇಲೆ ಕೆರೆ ಯಾರಿಗೆ ಬೇಕು? ಧರ್ಮಾಂಬುಧಿ ಮೊದಲು ಮೈದಾನವಾಯಿತು, ಆಮೇಲೆ ಬಸ್ ನಿಲ್ದಾಣ.

1920ರ ದಶಕದಲ್ಲಿ ಮಳೆ ಕೈಕೊಟ್ಟು ಹೆಸರಘಟ್ಟವೂ ಬತ್ತಿತು. 1933ಕ್ಕೆ ತಿಪ್ಪಗೊಂಡನಹಳ್ಳಿ ಜಲಾಶಯ ಸಿದ್ಧವಾಯಿತು. ದೊಡ್ಡದೇನೋ ಹೌದು, ಕುಮುದ್ವತಿಯೂ ಬಂದು ಸೇರುವ ಜಾಗ. ಆದ್ರೆ ಮುಖ್ಯ ಹೊಳೆ ಅದೇ ಅರ್ಕಾವತಿ! ನಮ್ಮ ಐಟಿ ಭಾಷೇಲಿ ಹೇಳೋದಾದರೆ, ಬ್ಯಾಕಪ್ಪನ್ನೂ ಅದೇ ಸರ್ವರಿನಲ್ಲಿ ಇಟ್ಟ ಹಾಗೆ. ಮುಂದೆ ನದಿಪಾತ್ರದ ಸುತ್ತ ನೀಲಗಿರಿ, ಬೋರ್‌ವೆಲ್, ಲೇಔಟುಗಳು ಹೆಚ್ಚಿದ ಹಾಗೆ ಎರಡಕ್ಕೂ ಒಟ್ಟಿಗೇ ಒಳಹರಿವು ಕಮ್ಮಿಯಾಯಿತು.

ಅಷ್ಟರಲ್ಲಿ, 1974ರಲ್ಲಿ, ಕಾವೇರಿ ಬಂದಿದ್ದಳು. ಸುಮಾರು 100 ಕಿಲೋಮೀಟರ್ ದೂರ, ಮೂರು ಕಡೆ ಪಂಪು, ಸುಮಾರು 500 ಮೀಟರ್ ಮೇಲಕ್ಕೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತವೂ ಶುರುವಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ತರುವ ಏರ್ಪಾಡಾಯಿತು. ನಮ್ಮ ಬಿಲ್ಲಿನಲ್ಲಿ ಕಾಣದ ಕರೆಂಟಿನ ಲೆಕ್ಕ ಇದರ ಹಿಂದಿದೆ. ನೆನಪಿರಲಿ, ಅರ್ಕಾವತಿಯೂ ಕಾವೇರಿಯ ಉಪನದಿಯೇ. ಕನಕಪುರದಾಚೆ ಸಂಗಮದಲ್ಲಿ ಅವಳನ್ನೇ ಸೇರುತ್ತದೆ. ಅಂದ್ರೆ ನಾವು ದೂರ ಹೋದೆವೇ ಹೊರತು ಬೇರೆ ಕಡೆಗೆ ಹೋಗಲಿಲ್ಲ.

2023ರಲ್ಲಿ ಮುಂಗಾರು ಸೋತಾಗ ಕೆಆರ್‌ಎಸ್ ಸೊರಗಿತು, ಇಲ್ಲಿ ಸಾವಿರಾರು ಬೋರ್‌ವೆಲ್ ಬತ್ತಿದವು. ಬೆಳ್ಳಂದೂರಿನ ಕಡೆಯ ಐಟಿ ಮಂದಿ 2022ರ ಸೆಪ್ಟೆಂಬರಿನಲ್ಲಿ ಪ್ರವಾಹದ ಮಧ್ಯೆ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದರು. 2024ರ ಬೇಸಿಗೆಯಲ್ಲಿ ನಗರದ ಅದೇ ಪೂರ್ವದ ಅಂಚು ಟ್ಯಾಂಕರಿಗೆ ಕಾಯಿತು. ಹವಾಮಾನ ಬದಲಾವಣೆ ಅಂದರೆ ನಮ್ಮ ಪಾಲಿಗೆ ಇದೇ: ಮಳೆ ಸುರಿದರೆ ಒಂದೇ ಸಲ, ಇಲ್ಲದಿದ್ದರೆ ತಿಂಗಳುಗಟ್ಟಲೆ ಇಲ್ಲ. ಇಂಥ ಮಳೆಯನ್ನು ಹಿಡಿಯೋಕೆ ಪೈಪಿಗಿಂತ ಹಳೇ ಕೆರೆ, ಬಾವಿಗಳೇ ಸೈ.

ನಮ್ಮೂರಲ್ಲೂ ಬೋರ್‌ವೆಲ್ ಬಂದ ವರ್ಷವೇ ತೆರೆದ ಬಾವಿಗೆ ಕಸ ಬಿತ್ತು. ಹೊಸದು ಬಂದಾಗ ಹಳೇದನ್ನು ಬಿಡೋ ಚಟ ಹಳ್ಳಿಗೂ ಇದೆ, ಪಟ್ಟಣಕ್ಕೂ ಇದೆ. ಮಳೆನೀರು ಕೊಯ್ಲನ್ನು 2009ರಲ್ಲೇ ಕಾನೂನು ಕಡ್ಡಾಯ ಮಾಡಿದೆ. ನಾವು ಚರಂಡಿಗೆ ಬಿಟ್ಟ ನೀರು ಶುದ್ಧೀಕರಣವಾಗಿ 2018ರಿಂದ ಕೋಲಾರದ ಕೆರೆಗಳನ್ನು ತುಂಬಿಸ್ತಿದೆ. ಹತ್ತಿರದ ನೀರನ್ನೂ ಲೆಕ್ಕಕ್ಕೆ ತಗೊಳ್ಳೋಕೆ ದಾರಿ ಇಲ್ಲದೇನಿಲ್ಲ. ನಿಮ್ಮ ಅಪಾರ್ಟ್‌ಮೆಂಟಿನ ಮುಂದಿನ ಸಭೆಯಲ್ಲಿ ಟ್ಯಾಂಕರ್ ದರದ ಜೊತೆ ಒಂದು ಮಾತು ಕೇಳಿ: ನಮ್ಮ ತಾರಸಿಯ ನೀರು ಎಲ್ಲಿಗೆ ಹೋಗ್ತಿದೆ?